ಹಾಸಿಗೆ ಹಿಡಿದವರ ಬಾಯಿ ಕಟ್ಟಬೇಡಿ

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರದ ತಮ್ಮ ಪುರವಣಿಯಲ್ಲಿ ಮಾತಿನ ಶಕ್ತಿಯನ್ನು ಕುರಿತ ಲೇಖನವೊಂದು ಪ್ರಕಟವಾಗಿತ್ತು. ಒಳ್ಳೆಯದನ್ನೇ ನುಡಿಯುತ್ತಿದ್ದರೆ ಒಳ್ಳೆಯದೇ ಆಗುತ್ತದೆ, ಕೆಟ್ಟದ್ದು ಬಾಯಿಗೆ ಬಂದರೆ ಕೆಟ್ಟದ್ದನ್ನು ಕರೆದುಕೊಂಡೇ ಬರುತ್ತದೆ ಎಂಬುದು ಅದರ ಸಾರ. ಅದಕ್ಕೆ ಆಧಾರವಾಗಿ ಲೇಖಕರು ಬೈಬಲಿನ ಎರಡು ಮೂರು ವಚನಗಳನ್ನೂ ಕೊಟ್ಟಿದ್ದರು. ಅವರ ಸದುದ್ದೇಶದ ಬಗ್ಗೆ ನನಗೆ ಸಂದೇಹವಿಲ್ಲ. ಆದರೆ ಇದೇ ಬೋಧನೆ ನಮ್ಮ ಮನೆಯವರೊಬ್ಬರ ಹಾಸಿಗೆಯ ಪಕ್ಕದಲ್ಲಿ ನಿಂತು ಏನು ಮಾಡಿತೆಂಬುದನ್ನು ಕಣ್ಣಾರೆ ಕಂಡವನು ನಾನು. ಸುಮ್ಮನಿರಲು ಮನಸ್ಸು ಒಪ್ಪದೆ ಬರೆಯುತ್ತಿದ್ದೇನೆ; ಪತ್ರ ಉದ್ದವಾಗಿದ್ದರೆ ದಯವಿಟ್ಟು ಸಹಿಸಿಕೊಳ್ಳಬೇಕು.

ನಾನು ಧಾರವಾಡದಲ್ಲಿ ನೆಲೆಸಿರುವ ನಿವೃತ್ತ ಕನ್ನಡ ಅಧ್ಯಾಪಕ. ನಮ್ಮದು ನಾಲ್ಕು ತಲೆಮಾರಿನ ಕ್ರೈಸ್ತ ಮನೆತನ; ಮುತ್ತಜ್ಜ ಬಾಸೆಲ್ ಮಿಷನ್ನಿನ ಕಾಲದಲ್ಲಿ ದೀಕ್ಷಾಸ್ನಾನ ಪಡೆದವರು. ಸಭೆಯ ಹಿರಿಯರಲ್ಲಿ ಒಬ್ಬನಾಗಿ ಅಯ್ಯನವರ (ಸಭಾಪಾಲಕರ) ಜೊತೆ ರೋಗಿಗಳ ಮನೆಗೂ ಆಸ್ಪತ್ರೆಗೂ ಹೋಗಿ ಪ್ರಾರ್ಥನೆ ಮಾಡಿ ಬರುವ ಕೆಲಸವನ್ನು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಮಾಡಿಕೊಂಡು ಬಂದಿದ್ದೇನೆ. ಪ್ರಾರ್ಥನೆಯಿಂದ ಏನೂ ಆಗದು ಎನ್ನುವವರ ಸಾಲಿಗೆ ಸೇರಿದವನಲ್ಲ ಎಂದು ಮೊದಲೇ ಹೇಳಿಬಿಡುವುದಕ್ಕಾಗಿ ಇದನ್ನು ತಿಳಿಸಿದೆ.

ಕೆಲವು ವರ್ಷಗಳ ಹಿಂದೆ ನನ್ನ ಹಿರಿಯ ಅಕ್ಕನಿಗೆ ಕ್ಯಾನ್ಸರ್ ಬಂದು ಅದು ಬೆನ್ನುಮೂಳೆಗೆ ಹರಡಿತು. ಇನ್ನು ಗುಣಪಡಿಸುವ ಚಿಕಿತ್ಸೆಯಿಲ್ಲ, ನೋವಿಲ್ಲದಂತೆ ನೋಡಿಕೊಳ್ಳುತ್ತೇವೆ ಎಂದು ವೈದ್ಯರು ಹೇಳಿ, ಬಾಯಿಂದ ತೆಗೆದುಕೊಳ್ಳುವ ಮಾರ್ಫಿನ್ ಗುಳಿಗೆಗಳನ್ನು ಆರಂಭಿಸಿದರು. ದಿನಕ್ಕೆರಡು ಬಾರಿ ನರ್ಸ್ ಬಂದು, ‘ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟೈತ್ರಿ’ ಎಂದು ಕೇಳಿ, ಮಂಚದ ಕಾಲಿಗೆ ತೂಗುಹಾಕಿದ್ದ ಹಾಳೆಯಲ್ಲಿ ಅಕ್ಕ ಹೇಳಿದ ಅಂಕಿಯನ್ನು ಬರೆದುಕೊಳ್ಳುತ್ತಿದ್ದರು. ಸೊನ್ನೆಯೆಂದರೆ ನೋವೇ ಇಲ್ಲ, ಹತ್ತೆಂದರೆ ತಾಳಲಾರದ್ದು. ಗುಳಿಗೆ ಹೆಚ್ಚಾಗುವುದೂ ಹಾಗೆಯೇ ಉಳಿಯುವುದೂ ಆ ಅಂಕಿಯ ಮೇಲೆ. ನೋವನ್ನು ಅಳೆಯುವ ಥರ್ಮಾಮೀಟರು ಇಲ್ಲ. ರೋಗಿಯ ಬಾಯಿಂದ ಬಂದ ಮಾತೇ ಅಳತೆ.

ಅದೇ ವಾರ ಸಂಜೆ ಹೊತ್ತು ಒಂದು ಪ್ರಾರ್ಥನಾ ತಂಡದವರು ಬರತೊಡಗಿದರು. ಅವರು ಕೆಟ್ಟವರಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಮನೆಯಿಂದ ಗಂಜಿ ಮಾಡಿ ತಂದರು, ಭಾವನವರು ಒಂದು ರಾತ್ರಿ ಕಣ್ಣು ಮುಚ್ಚಲೆಂದು ಸರದಿಯಲ್ಲಿ ಕಾವಲು ಕೂತರು. ಆದರೆ ಬಂದ ಎರಡನೆಯ ದಿನವೇ ಅಕ್ಕನಿಗೆ ಒಂದು ಕಟ್ಟುಪಾಡು ಹಾಕಿದರು: ‘ನೋವು’ ಎಂಬ ಶಬ್ದವಾಗಲಿ ಆ ರೋಗದ ಹೆಸರಾಗಲಿ ಇನ್ನು ನಿಮ್ಮ ಬಾಯಿಂದ ಬರಕೂಡದು, ಹಾಗೆಂದರೆ ಸೈತಾನನಿಗೆ ಬಾಗಿಲು ತೆರೆದಂತೆ, ‘ನನಗೆ ಪೂರ್ತಿ ಗುಣವಾಗಿದೆ’ ಎಂದು ಬಾಯಿತುಂಬ ಘೋಷಿಸುತ್ತಿರಬೇಕು. ದೊಡ್ಡ ಅಕ್ಷರಗಳಲ್ಲಿ ಅಂಥ ಏಳು ವಾಕ್ಯಗಳನ್ನು ಬರೆದ ಹಾಳೆಯೊಂದನ್ನು ಅವಳ ಕಣ್ಣೆದುರಿನ ಗೋಡೆಗೆ ಅಂಟಿಸಿದರು. ಅಂದು ಸಂಜೆ ನರ್ಸ್ ಬಂದು ಕೇಳಿದಾಗ ತಂಡದವರು ಕೋಣೆಯಲ್ಲೇ ಇದ್ದರು. ಅಕ್ಕ ಅವರ ಮುಖ ನೋಡಿದಳು, ಗೋಡೆಯ ಹಾಳೆ ನೋಡಿದಳು, ‘ಎರಡು’ ಎಂದಳು. ಹಾಗೆನ್ನುವಾಗ ಅವಳ ಬಲಗೈ ಸೆರಗಿನ ಅಂಚನ್ನು ಹಗ್ಗದಂತೆ ಹೊಸೆಯುತ್ತಿತ್ತು. ನರ್ಸ್ ‘ಎರಡು’ ಎಂದು ಬರೆದುಕೊಂಡು ಹೋದರು. ಮೂರು ದಿನ ಹೀಗೆಯೇ ನಡೆಯಿತು.

ಮೂರನೆಯ ದಿನ ರಾತ್ರಿ ನಾನೊಬ್ಬನೇ ಇದ್ದೆ. ‘ತಮ್ಮಾ, ಬಾಗಿಲಾ ಮುಚ್ಚು’ ಎಂದಳು. ಮುಚ್ಚಿ ಬಂದು ಕುಳಿತೆ. ‘ಭಾಳ ನೋವಾಗ್ತದಪಾ. ನಾ ಹಿಂಗ ಅಂದ್ರ ದೇವರು ನನ್ನ ಕೈ ಬಿಡ್ತಾನೇನು?’

ಅರವತ್ತು ವರ್ಷ ಬೈಬಲು ಓದಿದ ನನಗೆ ಕೂಡಲೇ ಬಾಯಿ ಬರಲಿಲ್ಲ. ಮೇಜಿನ ಮೇಲಿದ್ದ ಅವಳ ಹಳೆಯ ಬೈಬಲನ್ನು ತೆಗೆದು ಕೀರ್ತನೆ 22ನ್ನು ಓದತೊಡಗಿದೆ. ‘ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ’ ಎಂದು ಆರಂಭವಾಗುವ ಕೀರ್ತನೆ ಅದು. ಎಲುಬುಗಳು ಕೀಲು ತಪ್ಪಿವೆ, ನಾಲಿಗೆ ಬಾಯಿಯ ಅಂಗಳಕ್ಕೆ ಅಂಟಿದೆ ಎಂದು ದೇಹದ ನೋವನ್ನು ಒಂದೊಂದಾಗಿ ದೇವರ ಮುಂದೆ ಎತ್ತಿ ಹೇಳುವ ಕೀರ್ತನೆ. ಅರ್ಧಕ್ಕೆ ಬರುವಷ್ಟರಲ್ಲಿ ಅಕ್ಕ ಅಂದಳು: ‘ಯೇಸುಸ್ವಾಮಿನೂ ಶಿಲುಬಿ ಮ್ಯಾಲ ಇದನ್ನಽ ಅಂದಿದ್ನಲಾ.’ ಮರುದಿನ ಬೆಳಿಗ್ಗೆ ನರ್ಸ್ ಕೇಳಿದಾಗ ‘ಎಂಟು’ ಎಂದಳು. ವೈದ್ಯರು ಬಂದು ಗುಳಿಗೆಯ ಪ್ರಮಾಣವನ್ನು ಏರಿಸಿದರು. ಸಂಜೆಯ ಹೊತ್ತಿಗೆ ತಲೆ ಬಾಚಿಸಿಕೊಳ್ಳಬೇಕೆಂದು ಮೊಮ್ಮಗಳನ್ನು ಕರೆದಳು. ವಾರದಿಂದ ಯಾರೂ ಅವಳ ತಲೆ ಮುಟ್ಟುವಂತಿರಲಿಲ್ಲ.

ಇದನ್ನೆಲ್ಲ ವಿಸ್ತರಿಸಿ ಹೇಳಿದ್ದು ಯಾರ ಮೇಲೂ ದೂರು ಹೊರಿಸುವುದಕ್ಕಲ್ಲ. ಮಾತಿಗೆ ಶಕ್ತಿಯಿದೆ ಎಂದು ಲೇಖಕರು ಬರೆದದ್ದು ನಿಜ. ಆದರೆ ಆ ಕೋಣೆಯಲ್ಲಿ ಶಕ್ತಿಯಿದ್ದ ಮಾತು ಯಾವುದು? ಗೋಡೆಯ ಮೇಲಿದ್ದ ಏಳು ವಾಕ್ಯಗಳಲ್ಲ, ‘ಎಂಟು’ ಎಂಬ ಒಂದು ಪದ. ಕ್ರೈಸ್ತ ಬಾಳಿನಲ್ಲಿ ಮಾತಿನ ಬಲ ಇರುವುದು ದೇವರ ಮುಂದೆಯೂ ನೆರೆಯವರ ಮುಂದೆಯೂ ಇದ್ದದ್ದನ್ನು ಇದ್ದಂತೆ ನುಡಿಯುವುದರಲ್ಲಿ ಎಂಬುದು ನನ್ನ ದೃಢವಾದ ನಂಬಿಕೆ. ರೋಗಿಗೆ ಆ ಮಾತನ್ನು ಬೇಡವೆಂದರೆ ಅವರ ಕೈಯಲ್ಲಿ ಉಳಿದಿದ್ದ ಒಂದೇ ಬಲವನ್ನು ಕಿತ್ತುಕೊಂಡಂತೆ.

ಲೇಖಕರು ಎತ್ತಿಕೊಂಡ ಮೊದಲ ವಚನ, ಜೀವನ ಮರಣಗಳು ನಾಲಿಗೆಯ ವಶ ಎಂಬ ಜ್ಞಾನೋಕ್ತಿ (18:21). ಇದನ್ನು ಒಂಟಿಯಾಗಿ ಕಿತ್ತು ಗೋಡೆಗೆ ಅಂಟಿಸಿದರೆ ನಾನು ನುಡಿದದ್ದು ನನಗೆ ಆಗುತ್ತದೆ ಎಂದೇ ತೋರೀತು. ಆದರೆ ಅದರ ನೆರೆಹೊರೆಯ ವಚನಗಳನ್ನು ಓದಿ ನೋಡಿ. 17ನೆಯದು, ವ್ಯಾಜ್ಯದಲ್ಲಿ ಮೊದಲು ವಾದಿಸುವವನೇ ನ್ಯಾಯವಂತನೆಂದು ಕಾಣುತ್ತಾನೆ, ಎದುರುಪಕ್ಷದವನು ಬಂದು ಪರೀಕ್ಷಿಸುವ ತನಕ ಎನ್ನುತ್ತದೆ. 18ನೆಯದು ಚೀಟಿ ಹಾಕಿ ಜಗಳ ತೀರಿಸುವ ಮಾತು. 19ನೆಯದು ಅನ್ಯಾಯಕ್ಕೊಳಗಾದ ಸಹೋದರನ ಮನಸ್ಸನ್ನು ಗೆಲ್ಲುವುದು ಕೋಟೆ ಗೆಲ್ಲುವುದಕ್ಕಿಂತ ಕಷ್ಟ ಎಂಬುದು. ಊರಬಾಗಿಲಲ್ಲಿ ಹಿರಿಯರು ಕುಳಿತು ನ್ಯಾಯ ಹೇಳುತ್ತಿದ್ದ ಕಾಲವದು. ಇಬ್ಬರು ಸಾಕ್ಷಿಗಳ ಮಾತಿನ ಮೇಲೆ ಮನುಷ್ಯನ ತಲೆ ಉಳಿಯುತ್ತಿತ್ತು ಅಥವಾ ಹೋಗುತ್ತಿತ್ತು. ನಾಬೋತನ ದ್ರಾಕ್ಷಿತೋಟದ ಕಥೆ ನೆನಪಿಸಿಕೊಳ್ಳಿ. ಆ ತೋಟಕ್ಕೆ ಆಸೆಪಟ್ಟ ಅರಸನ ಹೆಂಡತಿ ಈಜೆಬೆಲಳು ಹೊಂದಿಸಿದ ಇಬ್ಬರು ಸುಳ್ಳುಸಾಕ್ಷಿಗಳು ಬಾಯಿ ತೆರೆದರು, ನಾಬೋತನನ್ನು ಊರಾಚೆ ಒಯ್ದು ಕಲ್ಲೆಸೆದು ಕೊಂದರು. ನಾಲಿಗೆಯ ವಶದಲ್ಲಿದ್ದದ್ದು ಅವನ ಜೀವ. ನಾಲಿಗೆ ಮಾತ್ರ ಬೇರೆಯವರದು. ಆ ವಚನದ ಭಾರವೆಲ್ಲ ಬೀಳುವುದು ನಮ್ಮ ಮಾತಿನಿಂದ ಇನ್ನೊಬ್ಬರಿಗೆ ಆಗುವುದರ ಮೇಲೆ.

ಯಾಕೋಬನ ಪತ್ರಿಕೆಯ ಮೂರನೆಯ ಅಧ್ಯಾಯವೂ ಹೀಗೆಯೇ. ಕುದುರೆಯ ಬಾಯಿಗೆ ಹಾಕುವ ಕಡಿವಾಣ, ದೊಡ್ಡ ಹಡಗನ್ನು ತಿರುಗಿಸುವ ಸಣ್ಣ ಚುಕ್ಕಾಣಿ, ಕಾಡನ್ನೆಲ್ಲ ಸುಡುವ ಸಣ್ಣ ಕಿಡಿ ಎಂಬ ಹೋಲಿಕೆಗಳನ್ನು ನಮ್ಮ ದೇವಾಲಯಗಳ ಪ್ರಸಂಗಗಳಲ್ಲಿ, ಅಂದರೆ ಉಪದೇಶಗಳಲ್ಲಿ, ಬಾಯಿಪಾಠವಾಗುವಷ್ಟು ಕೇಳುತ್ತೇವೆ. ಆದರೆ ಆ ಅಧ್ಯಾಯ ಶುರುವಾಗುವುದೇ, ಬೋಧಕರಾಗಲು ಬಹಳ ಮಂದಿ ಮುಂದೆ ಬರಬೇಡಿರಿ, ಬೋಧಿಸುವ ನಮಗೆ ಹೆಚ್ಚಿನ ನ್ಯಾಯತೀರ್ಪಾಗುವುದು ಎಂಬ ಎಚ್ಚರಿಕೆಯಿಂದ. ಅಂದರೆ ನಾಲಿಗೆಯ ಕಿಡಿಯ ಮಾತು ಮೊದಲು ತಾಗಬೇಕಾದದ್ದು ಹಾಸಿಗೆಯ ಮೇಲೆ ಮಲಗಿದವರಿಗಲ್ಲ. ಪಕ್ಕದಲ್ಲಿ ನಿಂತು ಬೋಧಿಸುವ ನಮಗೆ, ನನಗೂ ಸೇರಿ. ದೇವರನ್ನು ಸ್ತುತಿಸುವ ಬಾಯಿಂದಲೇ ದೇವರ ಹೋಲಿಕೆಯಲ್ಲಿ ಉಂಟಾದ ಮನುಷ್ಯರನ್ನು ಶಪಿಸುತ್ತೇವೆ ಎಂದು ಯಾಕೋಬನು ನೊಂದು ಬರೆದದ್ದು ಅಲ್ಲೇ ಸ್ವಲ್ಪ ಮುಂದೆ. ‘ನಿನ್ನ ವಿಶ್ವಾಸ ಸಾಲದ್ದಕ್ಕೇ ಗುಣವಾಗಲಿಲ್ಲ’ ಎಂದು ಸಾಯುತ್ತಿರುವವರಿಗೆ ಹೇಳುವುದು ಶಾಪವಲ್ಲದೆ ಮತ್ತೇನು?

ಈ ಬೋಧನೆ ಎಲ್ಲಿಂದ ಬಂತು ಎಂಬುದನ್ನೂ ಓದುಗರು ತಿಳಿದಿರುವುದು ಒಳ್ಳೆಯದು. ಬಾಯಿಂದ ಘೋಷಿಸಿದ್ದನ್ನು ಪಡೆದುಕೊಳ್ಳುತ್ತೇವೆ ಎಂಬ ಕ್ರಮವಾದ ಉಪದೇಶಕ್ಕೆ ರೂಪ ಕೊಟ್ಟವರು ಅಮೆರಿಕದ ಬೋಧಕ ಇ. ಡಬ್ಲ್ಯೂ. ಕೆನ್ಯನ್ (1867–1948). ಅದನ್ನು ಮನೆಮನೆಗೆ ಮುಟ್ಟಿಸಿದವರು ಓಕ್ಲಹೋಮದಲ್ಲಿ 1974ರಲ್ಲಿ ಬೈಬಲ್ ತರಬೇತಿ ಶಾಲೆಯನ್ನು ತೆರೆದ ಕೆನೆತ್ ಹೇಗಿನ್ (1917–2003). ರೇಡಿಯೊ, ಕ್ಯಾಸೆಟ್, ಕಿರುಹೊತ್ತಗೆಗಳ ಮೂಲಕ, ಆಮೇಲೆ ಟಿ.ವಿ.ಯ ಮೂಲಕ ಅದು ಲೋಕವೆಲ್ಲ ಹರಡಿತು. ಇದನ್ನು ಪವಿತ್ರಾತ್ಮನ ವರಗಳಿಗೆ ಒತ್ತು ಕೊಡುವ ಪೆಂತೆಕೊಸ್ತ್ ಸಭೆಗಳ ತಲೆಗೆ ಕಟ್ಟುವವರೂ ಇದ್ದಾರೆ, ಅದು ಸರಿಯಲ್ಲ. ಅಮೆರಿಕದ ದೊಡ್ಡ ಪೆಂತೆಕೊಸ್ತ್ ಸಂಘಟನೆಯಾದ ಅಸೆಂಬ್ಲೀಸ್ ಆಫ್ ಗಾಡ್ 1980ರಲ್ಲಿಯೇ ಈ ಬೋಧನೆಯ ಕುರಿತು ಅಧಿಕೃತ ಲೇಖನವನ್ನು ಹೊರಡಿಸಿ, ಒಂದೆರಡು ವಚನಗಳನ್ನಲ್ಲ, ಇಡೀ ಶಾಸ್ತ್ರವನ್ನು ಎದುರಿಗಿಟ್ಟುಕೊಂಡು ಯೋಚಿಸಬೇಕೆಂದು ತನ್ನವರನ್ನೇ ಎಚ್ಚರಿಸಿತ್ತು.

ನಮ್ಮ ಅಂಗಳದಲ್ಲಿ ಈ ಬೀಜ ಇಷ್ಟು ಬೇಗ ಮೊಳೆತದ್ದಕ್ಕೆ ಇನ್ನೊಂದು ಕಾರಣವೂ ಇದೆಯೆಂದು ನನಗೆ ತೋರುತ್ತದೆ. ಕೆಟ್ಟದ್ದನ್ನು ನುಡಿಯಬೇಡ, ಅಸ್ತುದೇವತೆಗಳು ‘ಅಸ್ತು’ ಎಂದುಬಿಟ್ಟಾವು ಎಂದು ಹೇಳುವ ನಾಡು ನಮ್ಮದು. ಮನೆಯಿಂದ ಹೊರಡುವವರು ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಹೋಗಿ ಬರುತ್ತೇನೆ’ ಎನ್ನುತ್ತಾರೆ. ದೀಪವನ್ನು ಆರಿಸು ಎನ್ನದೆ ಶಾಂತಮಾಡು ಎನ್ನುತ್ತಾರೆ. ನಮ್ಮ ಅಜ್ಜಿಯೂ ಹೀಗೆಯೇ ಮಾತಾಡುತ್ತಿದ್ದಳು, ಭಾನುವಾರ ತಪ್ಪದೆ ದೇವಾಲಯಕ್ಕೂ ಹೋಗುತ್ತಿದ್ದಳು. ಇದರಲ್ಲಿ ಒಬ್ಬರ ಮನಸ್ಸು ನೋಯಬಾರದೆಂಬ ನಯವಿದೆ, ಅದನ್ನು ನಾನು ಪ್ರೀತಿಸುತ್ತೇನೆ. ಆದರೆ ಆ ನಯವೇ ಭಯವಾಗಿ, ಭಯವೇ ಸಿದ್ಧಾಂತವಾಗಿ, ಆ ಸಿದ್ಧಾಂತಕ್ಕೆ ಬೈಬಲಿನ ವಚನದ ಮುದ್ರೆ ಬಿದ್ದಾಗ, ರೋಗಿ ನರ್ಸಿನ ಮುಂದೆಯೂ ಸುಳ್ಳು ಹೇಳಬೇಕಾಗುತ್ತದೆ. ಆಗ ನಾವು ನಂಬುತ್ತಿರುವುದು ಪರಲೋಕದ ತಂದೆಯನ್ನೋ ಬಾಯಿ ತಪ್ಪಿ ಬಂದ ಮಾತಿಗೆ ‘ಅಸ್ತು’ ಎನ್ನಲು ಕಾದಿರುವ ಯಾವುದೋ ಶಕ್ತಿಯನ್ನೋ ಎಂದು ಕೇಳಿಕೊಳ್ಳಲೇಬೇಕು.

ಕನ್ನಡ ಪಾಠ ಹೇಳಿ ಬದುಕಿದವನಾದ್ದರಿಂದ ಭಾಷೆಯ ಮಾತೊಂದನ್ನು ಇಲ್ಲಿ ಸೇರಿಸುತ್ತೇನೆ. ಬಾಯಿಂದ ಘೋಷಿಸುವುದು ಎಂಬ ಈ ಉಪದೇಶಕ್ಕೆ ಆಧಾರವಾಗಿ ರೋಮಾಪುರದವರಿಗೆ ಬರೆದ ಪತ್ರಿಕೆಯ 10:9ನ್ನು ಎತ್ತುತ್ತಾರೆ. ಅಲ್ಲಿ ನಮ್ಮ ಹಳೆಯ ಅನುವಾದಕರು ಬಳಸಿದ ಪದ ‘ಅರಿಕೆ’: ಯೇಸುವನ್ನು ಕರ್ತನೆಂದು ಬಾಯಿಂದ ಅರಿಕೆಮಾಡುವುದು. ಪಾಪಗಳನ್ನು ಒಪ್ಪಿಕೊಳ್ಳುವಲ್ಲಿಯೂ ಅದೇ ‘ಅರಿಕೆ’. ಅರಿಕೆಯೆಂದರೇನು? ದೊಡ್ಡವರ ಮುಂದೆ ಕೈಕಟ್ಟಿ ನಿಂತು, ಇದ್ದದ್ದನ್ನು ತಿಳಿಸಿಕೊಳ್ಳುವುದು. ಅರಿಕೆ ಮಾಡುವವನು ಅಪ್ಪಣೆ ಕೊಡುವುದಿಲ್ಲ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ದುಡಿದು 1831ರಲ್ಲಿ ಇಡೀ ಬೈಬಲನ್ನು ಕನ್ನಡದಲ್ಲಿ ಮುಗಿಸಿದ ಕಾಲದಿಂದ ಮುಂದೆ, ಒಬ್ಬರ ನಂತರ ಒಬ್ಬರು ತಿದ್ದುತ್ತ ಬಂದ ಈ ಭಾಷೆಯಲ್ಲಿ ಇಂಥ ಪದ ನಮಗೆ ದಕ್ಕಿರುವುದು ಭಾಗ್ಯ. ಈಗಿನ ಕೂಟಗಳಲ್ಲಿ ‘ಅರಿಕೆ’ ಕೇಳಿಸುವುದೇ ಕಡಿಮೆ. ‘ಡಿಕ್ಲೇರ್ ಮಾಡುತ್ತೇನೆ’, ‘ಆಜ್ಞಾಪಿಸುತ್ತೇನೆ’, ‘ರಿಸೀವ್ ಮಾಡಿರಿ’ ಎಂಬವು ಅದರ ಜಾಗದಲ್ಲಿ ಬಂದು ಕುಳಿತಿವೆ.

ವ್ಯಾಕರಣದಲ್ಲಿ ನಾವು ಮಕ್ಕಳಿಗೆ ವಿಧ್ಯರ್ಥಕ ಕ್ರಿಯಾಪದವನ್ನು ಕಲಿಸುವಾಗ, ‘-ಅಲಿ’ ಎಂದು ಮುಗಿಯುವ ಒಂದೇ ರೂಪ ಅಪ್ಪಣೆಯೂ ಆಗಬಹುದು, ಹಾರೈಕೆಯೂ ಆಗಬಹುದು, ಆಶೀರ್ವಾದವೂ ಆಗಬಹುದು ಎಂದು ಹೇಳುತ್ತೇವೆ. ಆದಿಕಾಂಡದ ಆರಂಭದಲ್ಲಿ ‘ಬೆಳಕಾಗಲಿ’ ಎಂಬ ಮಾತು ಬರುತ್ತದೆ, ಬೆಳಕಾಗುತ್ತದೆ. ಪ್ರತಿ ಭಾನುವಾರ ಆರಾಧನೆಯ ಕೊನೆಗೆ ಅಯ್ಯನವರು ಕೈಯೆತ್ತಿ, ‘ಯೆಹೋವನು ನಿನ್ನನ್ನು ಆಶೀರ್ವದಿಸಿ ಕಾಪಾಡಲಿ’ ಎನ್ನುತ್ತಾರೆ. ಅರಣ್ಯಕಾಂಡದ ಆರನೆಯ ಅಧ್ಯಾಯದಲ್ಲಿ ಯಾಜಕನಾದ ಆರೋನನಿಗೂ ಅವನ ಮಕ್ಕಳಿಗೂ ಕಲಿಸಿಕೊಟ್ಟ ಮಾತು ಅದು. ಯೆರೂಸಲೇಮಿನ ಬಳಿಯ ಸಮಾಧಿಯೊಂದರಲ್ಲಿ 1979ರಲ್ಲಿ ಸಿಕ್ಕ, ಬೆರಳುದ್ದದ ಬೆಳ್ಳಿಯ ಸುರುಳಿಗಳಲ್ಲಿ ಇದೇ ಆಶೀರ್ವಾದ ಕೊರೆದಿತ್ತು. ಇಂದು ನಮಗೆ ದೊರೆತಿರುವ ಬೈಬಲ್ ವಾಕ್ಯಗಳ ಪ್ರತಿಗಳಲ್ಲಿ ಅದಕ್ಕಿಂತ ಹಳೆಯದಿಲ್ಲ. ‘ಬೆಳಕಾಗಲಿ’, ‘ಕಾಪಾಡಲಿ’ ಎರಡೂ ‘ಲಿ’ ಎಂದೇ ಮುಗಿದರೂ ಒಂದು ಸೃಷ್ಟಿಕರ್ತನ ಮಾತು, ಇನ್ನೊಂದು ಆತನ ಕಡೆಗೆ ಎತ್ತಿದ ಕೈಗಳ ಮಾತು. ಅಯ್ಯನವರು ಕಾಪಾಡುವುದಿಲ್ಲ, ಕಾಪಾಡುವಾತನ ಹೆಸರು ಹೇಳುತ್ತಾರೆ. ಇಲ್ಲದ್ದನ್ನು ಇರುವುದೆಂಬಂತೆ ಕರೆಯುವುದು ಎಂದು ರೋಮಾಪುರದ ಪತ್ರಿಕೆಯಲ್ಲಿ (4:17) ಬರುವ ಮಾತಿನ ಕರ್ತೃಪದವೂ ದೇವರೇ. ಆತನನ್ನು ನಂಬಿದ ಅಬ್ರಹಾಮನಲ್ಲ, ನಾವಂತೂ ಅಲ್ಲ.

‘ಈ ಬೆಟ್ಟಕ್ಕೆ ಕಿತ್ತುಕೊಂಡು ಸಮುದ್ರಕ್ಕೆ ಬೀಳು ಎಂದರೆ ಆಗುವುದು’ ಎಂದು ಯೇಸುಸ್ವಾಮಿ ಹೇಳಲಿಲ್ಲವೇ ಎಂದು ಕೇಳಬಹುದು. ಹೇಳಿದ್ದಾರೆ, ಮಾರ್ಕನ ಸುವಾರ್ತೆಯ 11ನೆಯ ಅಧ್ಯಾಯದಲ್ಲಿ, ಅದನ್ನು ನಾನು ಕಡಿಮೆ ಮಾಡಲಾರೆ. ಆದರೆ ಅದೇ ಉಸಿರಿನಲ್ಲಿ, ಪ್ರಾರ್ಥನೆಗೆ ನಿಂತಾಗ ಯಾರ ಮೇಲಾದರೂ ಮನಸ್ಸಿನಲ್ಲಿ ಏನಾದರೂ ಇದ್ದರೆ ಅದನ್ನು ಕ್ಷಮಿಸಿರಿ ಎಂದೂ ಹೇಳಿದ್ದಾರೆ. ಬೆಟ್ಟದ ಮಾತಿರುವ ಇಪ್ಪತ್ತಮೂರನೆಯ ವಚನದ ಮೇಲೆ ನೂರು ಪ್ರಸಂಗ ಕೇಳಿದ್ದೇನೆ. ಕ್ಷಮೆಯ ಮಾತಿರುವ ಇಪ್ಪತ್ತೈದನೆಯದರವರೆಗೆ ಬಂದವು ಬೆರಳೆಣಿಕೆಯಷ್ಟು. ಅದೇ ಯೇಸುಸ್ವಾಮಿ ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆಯ ತೋಟದಲ್ಲಿ, ನನ್ನ ಪ್ರಾಣವು ಸಾಯುವಷ್ಟು ದುಃಖಕ್ಕೆ ಒಳಗಾಗಿದೆ ಎಂದು ಬಾಯಿಬಿಟ್ಟು ಶಿಷ್ಯರಿಗೆ ಹೇಳಿದರು. ಸಭೆಗಳಿಗೆ ಪತ್ರಿಕೆಗಳನ್ನು ಬರೆದ ಅಪೊಸ್ತಲ ಪೌಲನು ತನ್ನ ಶರೀರದಲ್ಲಿ ನಾಟಿದ್ದ ಶೂಲವನ್ನು ತೆಗೆಯಬೇಕೆಂದು ಮೂರು ಸಲ ಬೇಡಿದ. ಸಿಕ್ಕಿದ್ದು ಗುಣವಲ್ಲ, ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬ ಉತ್ತರ. ಜೊತೆಗಾರ ತ್ರೊಫಿಮನು ಅಸ್ವಸ್ಥನಾಗಿದ್ದುದರಿಂದ ಅವನನ್ನು ಮಿಲೇತದಲ್ಲಿ ಬಿಟ್ಟುಬಂದೆ ಎಂದು ಅದೇ ಪೌಲನು ತಿಮೊಥೆಯನಿಗೆ ಬರೆಯುತ್ತಾನೆ. ಹಾಗೆ ಬರೆದದ್ದು ಅವಿಶ್ವಾಸದ ಮಾತೆಂದು ಅವನಿಗೆ ಅನ್ನಿಸಲಿಲ್ಲ.

ಯೋಬನ ಪುಸ್ತಕವನ್ನಂತೂ ರೋಗಿಗಳನ್ನು ನೋಡಲು ಹೋಗುವ ಪ್ರತಿಯೊಬ್ಬರೂ ಓದಿಕೊಂಡೇ ಹೋಗಬೇಕು. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡು ಮೈತುಂಬ ಹುಣ್ಣಾಗಿ ಕುಳಿತಿದ್ದ ಅವನ ಬಳಿಗೆ ಮೂವರು ಗೆಳೆಯರು ಬಂದು ಏಳು ಹಗಲು ಏಳು ರಾತ್ರಿ ನೆಲದ ಮೇಲೆ ಅವನೊಂದಿಗೆ ಮೌನವಾಗಿ ಕುಳಿತರು. ಅವರು ಮಾಡಿದ ಒಳ್ಳೆಯ ಕೆಲಸ ಅಷ್ಟೇ. ಬಾಯಿ ತೆರೆದ ಮೇಲೆ ದೇವರ ಪರವಾಗಿ ಎಷ್ಟೆಷ್ಟೋ ಚಂದದ ಮಾತುಗಳನ್ನಾಡಿದರು. ಯೋಬನಾದರೋ ಹುಟ್ಟಿದ ದಿನವನ್ನೇ ಶಪಿಸಿದ, ದೇವರ ಮೇಲೆಯೇ ವ್ಯಾಜ್ಯ ಹೂಡಿದ. ಕೊನೆಗೆ ದೇವರು ಗೆಳೆಯರಿಗೆ ಹೇಳಿದ್ದೇನು? ನನ್ನ ದಾಸನಾದ ಯೋಬನು ಆಡಿದಂತೆ ನೀವು ನನ್ನ ವಿಷಯವಾಗಿ ಸರಿಯಾದದ್ದನ್ನು ಆಡಲಿಲ್ಲ (42:7). ನರಳಿದವನ ಮಾತು ಸರಿಯೆನಿಸಿತು, ಸಮರ್ಥಿಸಿದವರ ಮಾತು ತಪ್ಪೆನಿಸಿತು. ಕೀರ್ತನೆ 88 ಒಂದು ಸಮಾಧಾನದ ಸಾಲೂ ಇಲ್ಲದೆ ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ಯಾರೂ ಬೈಬಲಿನಿಂದ ತೆಗೆದುಹಾಕಲಿಲ್ಲ.

ಯೆರಿಕೋವಿನ ದಾರಿಯಲ್ಲಿ ಕುಳಿತಿದ್ದ ಕುರುಡ ಬಾರ್ತಿಮಾಯನು ಕೂಗಿಕೊಂಡಾಗ ಸುಮ್ಮನಿರು ಎಂದು ಗದರಿಸಿದವರು ಯೇಸುವಿನ ಜೊತೆಗೇ ನಡೆದು ಬರುತ್ತಿದ್ದ ಜನ. ಯೇಸುಸ್ವಾಮಿ ಮಾತ್ರ ನಿಂತರು, ಅವನನ್ನು ಕರೆಸಿದರು, ನಾನು ನಿನಗೆ ಏನು ಮಾಡಬೇಕೆಂದು ಕೇಳಿದರು. ಕಣ್ಣಿಲ್ಲದವನೆಂಬುದು ಕಾಣುತ್ತಿದ್ದರೂ ಅವನ ಬಾಯಿಂದಲೇ ಹೇಳಿಸಿದರು. ಹೀಗೆ ಕೇಳಿ ಕಾಯುವುದನ್ನೇ ವೈದ್ಯದ ಒಂದು ಶಾಖೆಯಾಗಿ ಬೆಳೆಸಿದವರಲ್ಲಿ ಮೊದಲಿಗರು, ಆಳವಾದ ಕ್ರೈಸ್ತ ವಿಶ್ವಾಸದ ಸಿಸಿಲಿ ಸಾಂಡರ್ಸ್. ನರ್ಸಾಗಿ ದುಡಿದು, ಆಮೇಲೆ ವೈದ್ಯಕೀಯ ಓದಿ, 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೊಫರ್ಸ್ ಎಂಬ ಆರೈಕೆಮನೆಯನ್ನು ತೆರೆದರು. ಸಾಯುವವರ ನೋವಿನಲ್ಲಿ ದೇಹದ್ದು, ಮನಸ್ಸಿನದ್ದು, ಮನೆಮಂದಿಯದ್ದು, ಆತ್ಮದ್ದು ಎಲ್ಲವೂ ಹೆಣೆದುಕೊಂಡಿರುತ್ತದೆ ಎಂಬುದನ್ನು ಅವರು ಕಲಿತದ್ದು ರೋಗಿಗಳ ಮಾತುಗಳನ್ನು ವರ್ಷಗಟ್ಟಲೆ ಕೇಳಿ ಬರೆದಿಟ್ಟುಕೊಂಡು. ನಮ್ಮ ದೇಶದಲ್ಲಿ ಮಾರ್ಫಿನ್ ಸಿಗುವುದೇ ಕಷ್ಟವಾಗಿತ್ತು. 2014ರಲ್ಲಿ ಮಾದಕವಸ್ತು ಕಾಯ್ದೆಗೆ ತಿದ್ದುಪಡಿ ತಂದು ದಾರಿಯನ್ನು ಸ್ವಲ್ಪ ಸುಗಮ ಮಾಡಲಾಯಿತು. ಅಷ್ಟು ಹೋರಾಡಿ ಗುಳಿಗೆ ಹಾಸಿಗೆಯವರೆಗೆ ಬಂದ ಮೇಲೆ, ‘ನೋವಿದೆ ಎನ್ನಬೇಡಿ’ ಎಂಬ ನಮ್ಮ ಒಂದು ಮಾತು ಅದನ್ನು ಬಾಗಿಲಲ್ಲೇ ತಡೆದರೆ ದೇವರಿಗೆ ಏನೆಂದು ಉತ್ತರ ಕೊಡುವುದು?

ಆಡಿದ ಮಾತು ನಿಜವಾಗಿ ಏನನ್ನಾದರೂ ಉಂಟುಮಾಡುವುದನ್ನು ನೋಡಬೇಕಾದರೆ ನಮ್ಮ ಮದುವೆಗಳನ್ನು ನೋಡಬಹುದು. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ 60ನೆಯ ಪ್ರಕರಣದಲ್ಲಿ, ಮದುವೆಗೆ ಪ್ರಮಾಣಪತ್ರ ಕೊಡುವ ಲೈಸೆನ್ಸ್ ಹೊಂದಿದವರ ಮತ್ತು ಇಬ್ಬರು ಸಾಕ್ಷಿಗಳ ಎದುರಿಗೆ ವಧೂವರರು ಪರಸ್ಪರ ಆಡಬೇಕಾದ ಮಾತನ್ನೇ ಬರೆದಿಟ್ಟಿದ್ದಾರೆ: ಇಲ್ಲಿ ನೆರೆದವರು ಸಾಕ್ಷಿಯಾಗಿರಲಿ, ಸರ್ವಶಕ್ತ ದೇವರ ಸನ್ನಿಧಿಯಲ್ಲಿ, ನಮ್ಮ ಕರ್ತನಾದ ಯೇಸುಕ್ರಿಸ್ತನ ಹೆಸರಿನಲ್ಲಿ ನಿನ್ನನ್ನು ಸ್ವೀಕರಿಸುತ್ತೇನೆ ಎಂಬ ಅರ್ಥದ ಮಾತು. ಆ ಮಾತು ಬಾಯಿಂದ ಬರಲೇಬೇಕು. ನನ್ನ ಭಾವನವರು ಸಭೆಯ ಎದುರು ನಿಂತು, ಆರೋಗ್ಯದಲ್ಲಿಯೂ ರೋಗದಲ್ಲಿಯೂ ಎಂದು ಅಕ್ಕನಿಗೆ ಮಾತು ಕೊಟ್ಟದ್ದನ್ನು ಬಾಲಕನಾಗಿದ್ದ ನಾನು ಮುಂದಿನ ಬೆಂಚಿನಲ್ಲಿ ಕುಳಿತು ಕೇಳಿದ್ದೆ. ಅದು ಮುಂದೇನಾಗುವುದೆಂಬ ಘೋಷಣೆಯಾಗಿರಲಿಲ್ಲ. ಏನೇ ಆದರೂ ನಾನಿರುತ್ತೇನೆ ಎಂಬ ಮಾತಾಗಿತ್ತು. ಆ ಆಸ್ಪತ್ರೆಯ ಕೋಣೆಯಲ್ಲಿ ವಾಂತಿಯ ಬೇಸಿನ್ನು ತೊಳೆದು, ಒರೆಸಿ, ಮತ್ತೆ ಮಂಚದ ಕೆಳಗೆ ಇಡುತ್ತಿದ್ದ ಅವರ ಕೈಗಳು ಆ ಮಾತನ್ನೇ ನಡೆಸುತ್ತಿದ್ದವು.

ಗುಳಿಗೆ ಏರಿಸಿದ ಮೇಲೆ ಅಕ್ಕ ಐದು ವಾರ ಬದುಕಿದ್ದಳು. ಗೋಡೆಯ ಮೇಲಿನ ಹಾಳೆಯನ್ನು ತೆಗೆಯಿಸಿ, ‘ಕಾಗದ ಯಾಕ ಹಾಳು ಮಾಡೂದು’ ಎಂದು ಅದರ ಹಿಂಬದಿಯಲ್ಲಿ ನನ್ನಿಂದ ಕೆಲವು ಹೆಸರುಗಳನ್ನು ಬರೆಸಿದಳು. ತಾನು ಕ್ಷಮೆ ಕೇಳಬೇಕಾದವರು, ಆಶೀರ್ವಾದ ಹೇಳಬೇಕಾದವರು, ಸುಮ್ಮನೆ ಒಮ್ಮೆ ಮಾತಾಡಬೇಕಾದವರು, ಒಟ್ಟು ಹನ್ನೊಂದು ಮಂದಿ. ನಿಮ್ಮ ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆಮಾಡಿ ಒಬ್ಬರಿಗೋಸ್ಕರ ಒಬ್ಬರು ಪ್ರಾರ್ಥಿಸಿರಿ ಎಂದು ಯಾಕೋಬನು ಬರೆದದ್ದನ್ನು ಅವಳು ಅಕ್ಷರಶಃ ಕೈಗೊಂಡಳು. ಒಂಬತ್ತು ಮಂದಿ ಬಂದರು. ಹಳೆಯ ಜಾಗದ ತಂಟೆಯಿಂದ ಹದಿನಾಲ್ಕು ವರ್ಷ ನಮ್ಮ ಮನೆಯ ಮೆಟ್ಟಿಲು ಹತ್ತದಿದ್ದ ನಮ್ಮ ಕಾಕಾನ ಮಗನೂ ಬಂದು, ಅವಳ ಕಾಲ ಬಳಿ ಕುಳಿತು ಬಹಳ ಹೊತ್ತು ಅತ್ತ. ಪಟ್ಟಿಯಲ್ಲಿ ಆ ಪ್ರಾರ್ಥನಾ ತಂಡದ ಹಿರಿಯ ತಾಯಿಯೊಬ್ಬರ ಹೆಸರೂ ಇತ್ತು. ಅಕ್ಕ ಅವರಿಗೆ ಏನು ಹೇಳಿದಳೋ ನಾನು ಕೇಳಲಿಲ್ಲ, ಹೊರಗಿದ್ದೆ. ಮುಂದಿನ ಸಲ ಬಂದಾಗ ಅವರು ಪ್ರಾರ್ಥನೆಗೆ ಮೊದಲು ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ‘ಇವತ್ತ ನೋವು ಹೆಂಗದರೀ ಅಕ್ಕಾರ?’ ಎಂದು ಕೇಳಿ, ಅಕ್ಕ ಹೇಳಿ ಮುಗಿಸುವವರೆಗೆ ಸುಮ್ಮನೆ ಕುಳಿತರು.

ನಮ್ಮ ಸಭೆಯಲ್ಲಿ ಈಗ ರೋಗಿಗಳನ್ನು ಕಾಣಲು ಹೋಗುವವರಿಗೆ ವರ್ಷಕ್ಕೊಮ್ಮೆ ಒಬ್ಬ ನರ್ಸಿನಿಂದ ತಿಳಿವಳಿಕೆ ಕೊಡಿಸುತ್ತಿದ್ದೇವೆ. ಬೇರೆ ಸಭೆಗಳ ಅಯ್ಯನವರೂ ಫಾದರ್‌ಗಳೂ ಪಾಸ್ಟರುಗಳೂ ಇದನ್ನು ಯೋಚಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಬೇಡಿಕೊಳ್ಳುತ್ತೇನೆ. ತಮ್ಮ ಪುರವಣಿಯಲ್ಲಿ ಮಾತಿನ ಶಕ್ತಿಯ ಕುರಿತು ಮತ್ತೊಮ್ಮೆ ಬರೆಸುವುದಾದರೆ, ಗುಣವಾಗದ ರೋಗಿಗಳ ನೋವು ತಗ್ಗಿಸಿ ಆರೈಕೆ ಮಾಡುವ ಪ್ಯಾಲಿಯೇಟಿವ್ ವಾರ್ಡಿನಲ್ಲಿ ರಾತ್ರಿಪಾಳಿ ಮಾಡುವ ಯಾರಾದರೂ ಒಬ್ಬ ನರ್ಸಿನಿಂದ ಬರೆಸಬೇಕೆಂಬುದು ನನ್ನ ವಿನಂತಿ.

ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಅಧ್ಯಾಪಕ, ಧಾರವಾಡ